ಓದುವ ವಿಜ್ಞಾನ, ನೋಡುವ ವಿಜ್ಞಾನ: ವಿಡಿಯೊ ಬ್ಲಾಗ್‌ಗಳ ಮಿತಿಗಳು

2020ರ ಲಾಕ್‌ಡೌನ್ ದಿನಗಳಲ್ಲಿ ಇತರ ಅಧ್ಯಾಪಕರಂತೆ ನಾನೂ ಮನೆಯ ಒಂದು ಕೋಣೆಯಲ್ಲಿ ಕರಿಹಲಗೆ ತೂಗುಹಾಕಿ, ಮೊಬೈಲನ್ನು ಪುಸ್ತಕಗಳ ರಾಶಿಗೆ ಒರಗಿಸಿಟ್ಟು ಪಾಠಗಳನ್ನು ಚಿತ್ರೀಕರಿಸಿದ್ದೆ. ಅವುಗಳಲ್ಲಿ ಒಂದು ಯಂಗ್‌ನ ಜೋಡಿ ಸೀಳಿನ ಪ್ರಯೋಗವನ್ನು ಕುರಿತದ್ದು. ಸುಮಾರು 40 ನಿಮಿಷಗಳ ಪಾಠ. ಪಟ್ಟಿಯ ಅಗಲವೆಂದರೆ ಬೆಳಕಿನ ತರಂಗದೂರವನ್ನು ಪರದೆಯ ದೂರದಿಂದ ಗುಣಿಸಿ ಸೀಳುಗಳ ನಡುವಿನ ಅಂತರದಿಂದ ಭಾಗಿಸಿದಾಗ ಬರುವ ಮೊತ್ತ ಎಂಬ ಸೂತ್ರವನ್ನು ಹಲಗೆಯ ಮೇಲೆ ಸರಿಯಾಗಿಯೇ ಬರೆದಿದ್ದೆ. ಆದರೆ ವಿವರಿಸುವಾಗ ಬಾಯ್ತಪ್ಪಿ, 'ಸೀಳುಗಳ ಅಂತರ ಹೆಚ್ಚಿದಂತೆ ಪಟ್ಟಿಗಳ ಅಗಲವೂ ಹೆಚ್ಚುತ್ತದೆ' ಎಂದುಬಿಟ್ಟಿದ್ದೆ. ನಿಜಸಂಗತಿ ಇದಕ್ಕೆ ವಿರುದ್ಧ. 589 ನ್ಯಾನೊಮೀಟರ್ ತರಂಗದೂರದ ಸೋಡಿಯಂ ಬೆಳಕನ್ನು ಬಳಸಿ, ಪರದೆಯನ್ನು 1 ಮೀಟರ್ ದೂರದಲ್ಲಿಟ್ಟರೆ, ಸೀಳುಗಳ ಅಂತರ 0.5 ಮಿಲಿಮೀಟರ್ ಇದ್ದಾಗ ಪಟ್ಟಿಯ ಅಗಲ ಸುಮಾರು 1.18 ಮಿಲಿಮೀಟರ್. ಅಂತರವನ್ನು 1 ಮಿಲಿಮೀಟರಿಗೆ ಹೆಚ್ಚಿಸಿದರೆ ಅದು 0.59 ಮಿಲಿಮೀಟರಿಗೆ ಇಳಿಯುತ್ತದೆ.

ತಪ್ಪು ನನ್ನ ಗಮನಕ್ಕೆ ಬಂದದ್ದು ಮುಂದಿನ ಪರೀಕ್ಷೆಯ ಉತ್ತರಪತ್ರಿಕೆಗಳಿಂದ. ಹಲವು ವಿದ್ಯಾರ್ಥಿಗಳು ಸೂತ್ರವನ್ನು ಸರಿಯಾಗಿ ಬರೆದು, ಅದರ ಕೆಳಗೆ ನನ್ನ ತಪ್ಪು ವಾಕ್ಯವನ್ನು ನಿಷ್ಠೆಯಿಂದ ಬರೆದಿದ್ದರು! ತಿದ್ದಲು ಹೊರಟಾಗ ಕಷ್ಟ ಅರಿವಾಯಿತು. ಅದು ಬರಹವಾಗಿದ್ದರೆ ಒಂದು ಪದವನ್ನು ಬದಲಿಸಿದ್ದರೆ ಸಾಕಿತ್ತು. ವಿಡಿಯೊದಲ್ಲಿ ಆ ಭಾಗವನ್ನು ಮತ್ತೆ ಚಿತ್ರೀಕರಿಸಿ, ಜೋಡಿಸಿ, ಹೊಸ ಕಡತವಾಗಿ ಏರಿಸಬೇಕಾಯಿತು. ಹಳೆಯ ಕಡತ ಅಷ್ಟರಲ್ಲಿ ಎಷ್ಟೋ ಮೊಬೈಲುಗಳಿಗೆ ಹಂಚಿಹೋಗಿತ್ತು. ಅದು ಇಂದಿಗೂ ಎಲ್ಲೋ ಯಾರಿಗೋ ತಪ್ಪು ಪಾಠ ಹೇಳುತ್ತಿರಬಹುದು.

ಇಂದು ವಿಜ್ಞಾನವನ್ನು ಕನ್ನಡದಲ್ಲಿ ವಿವರಿಸಬಯಸುವ ಬಹುತೇಕ ಉತ್ಸಾಹಿಗಳು ಮೊದಲು ಕ್ಯಾಮೆರಾದ ಮುಂದೆ ಕುಳಿತುಕೊಳ್ಳುತ್ತಾರೆ, ಬರೆಯುವುದಿಲ್ಲ. ವಿಡಿಯೊ ಒಂದು ಪ್ರಬಲ ಮಾಧ್ಯಮ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಬರಹದ ಸ್ಥಾನವನ್ನು ತುಂಬಬಲ್ಲದೇ? ಈ ಪ್ರಶ್ನೆಯನ್ನು ಅಭಿರುಚಿಯ ಪ್ರಶ್ನೆಯಾಗಿ ಅಲ್ಲದೆ, ಅಳೆದು ನೋಡಬಹುದಾದ ಪ್ರಶ್ನೆಯಾಗಿ ಇಲ್ಲಿ ಪರಿಶೀಲಿಸೋಣ.

ಹಿನ್ನೆಲೆ

ಕನ್ನಡ ಲಿಪಿಗೆ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಲ್ಲೇ 128 ಸ್ಥಾನಗಳು ಮೀಸಲಾದವು. ಸಾಮಾನ್ಯ ಗಣಕಗಳಲ್ಲಿ ಅದು ಬಳಕೆಗೆ ಬಂದದ್ದು 2001ರ ನಂತರ. ಆ ಬಳಿಕದ ಹತ್ತು ವರ್ಷ ಕನ್ನಡದಲ್ಲಿ ಬರಹದ ಬ್ಲಾಗ್‌ಗಳ ಸುಗ್ಗಿ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ವಿಜ್ಞಾನ ಬರೆಯುವವರಿಗೆ ಪತ್ರಿಕೆಯ ಪುಟಮಿತಿಯಿಲ್ಲದ ಒಂದು ಅಂಗಳ ದೊರೆಯಿತು.

2005ರಲ್ಲಿ ಯೂಟ್ಯೂಬ್ ಹುಟ್ಟಿತು. ಅದರ ಮೊದಲ ವಿಡಿಯೊ 19 ಸೆಕೆಂಡುಗಳದ್ದು. ನಮ್ಮಲ್ಲಿ ಮೊಬೈಲ್ ಮೂಲಕ ವಿಡಿಯೊ ನೋಡುವುದು ಸಾಮಾನ್ಯವಾದದ್ದು 2016ರ ಸೆಪ್ಟೆಂಬರ್ ನಂತರ, 4ಜಿ ದತ್ತಾಂಶ ಅಗ್ಗವಾದಾಗ. ಅಲ್ಲಿಂದೀಚೆಗೆ ಗಾಳಿ ವಿಡಿಯೊದ ಕಡೆಗೇ ಬೀಸುತ್ತಿದೆ.

ಒಂದು ಲೇಖನದ ತೂಕ ಎಷ್ಟು?

ಮಾಹಿತಿಯನ್ನು ಬಿಟ್‌ಗಳಲ್ಲಿ ಅಳೆಯಬಹುದೆಂದು ಕ್ಲಾಡ್ ಶ್ಯಾನನ್ 1948ರಲ್ಲಿ ತೋರಿಸಿಕೊಟ್ಟ. ಆ ಅಳತೆಗೋಲನ್ನು ಹಿಡಿದು ಸುಮಾರು 2,500 ಪದಗಳ ಒಂದು ಕನ್ನಡ ಲೇಖನವನ್ನು ತೂಗಿ ನೋಡೋಣ. ಪದವೊಂದಕ್ಕೆ ಸರಾಸರಿ 8 ಸಂಕೇತಗಳು (ಅಕ್ಷರ, ಸ್ವರಚಿಹ್ನೆ, ವಿರಾಮಚಿಹ್ನೆ ಇತ್ಯಾದಿ) ಎಂದಿಟ್ಟುಕೊಂಡರೆ ಒಟ್ಟು 20,000 ಸಂಕೇತಗಳು. ಜಾಲತಾಣಗಳು ಬಳಸುವ ಯುಟಿಎಫ್-8 ಕ್ರಮದಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್, ಪದಗಳ ನಡುವಿನ ತೆರವಿಗೆ 1 ಬೈಟ್. ಹಾಗಾಗಿ ಲೇಖನದ ಗಾತ್ರ 60,000 + 2,500 = 62,500 ಬೈಟ್, ಅಂದರೆ 62.5 ಕಿಲೊಬೈಟ್.

ಇದೇ ಲೇಖನವನ್ನು ನಿಮಿಷಕ್ಕೆ 100 ಪದಗಳಂತೆ ನಿಧಾನವಾಗಿ ಕ್ಯಾಮೆರಾದ ಮುಂದೆ ಹೇಳಿದರೆ 25 ನಿಮಿಷ, ಅಂದರೆ 1,500 ಸೆಕೆಂಡು ಬೇಕು. ಸಾಧಾರಣ ಗುಣಮಟ್ಟದ ವಿಡಿಯೊಗೆ ಸೆಕೆಂಡಿಗೆ 1 ಮೆಗಾಬಿಟ್ (1,25,000 ಬೈಟ್) ಸಾಕೆಂದರೂ ಕಡತದ ಗಾತ್ರ 187.5 ಮೆಗಾಬೈಟ್ ಆಗುತ್ತದೆ. ಇದು ಲೇಖನದ 3,000 ಪಟ್ಟು! ಸೆಕೆಂಡಿಗೆ 5 ಮೆಗಾಬಿಟ್‌ನ ಉತ್ತಮ ಗುಣಮಟ್ಟದ ವಿಡಿಯೊ ಆದರೆ 15,000 ಪಟ್ಟು. ಹೇಳಿದ ವಿಷಯ ಮಾತ್ರ ಅಷ್ಟೇ.

ನಗರದಲ್ಲಿ ಕುಳಿತವರಿಗೆ ಈ ವ್ಯತ್ಯಾಸ ತೋರದು. ಆದರೆ ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ತಪ್ಪಲಿನ ಮನೆಯೊಂದರಲ್ಲಿ ಸಿಗ್ನಲ್ ದುರ್ಬಲವಾಗಿ ವೇಗ ಸೆಕೆಂಡಿಗೆ 100 ಕಿಲೊಬಿಟ್‌ಗೆ ಇಳಿದಿದೆ ಎನ್ನೋಣ. 62.5 ಕಿಲೊಬೈಟ್ ಎಂದರೆ 500 ಕಿಲೊಬಿಟ್. ಲೇಖನ 5 ಸೆಕೆಂಡಿನಲ್ಲಿ ಇಳಿದುಬರುತ್ತದೆ. ಸಾಧಾರಣ ಗುಣಮಟ್ಟದ ವಿಡಿಯೊಗೆ 15,000 ಸೆಕೆಂಡು, ಅಂದರೆ 4 ಗಂಟೆ 10 ನಿಮಿಷ ಬೇಕು. ಮನೆಗೆಲ್ಲ ಒಂದೇ ಮೊಬೈಲ್ ಇರುವ ವಿದ್ಯಾರ್ಥಿನಿಗೆ ಈ ಎರಡರ ನಡುವಿನ ವ್ಯತ್ಯಾಸ ಅನುಕೂಲ ಅನನುಕೂಲಗಳದ್ದಲ್ಲ. ಪಾಠ ಸಿಗುವುದು ಮತ್ತು ಸಿಗದಿರುವುದರದ್ದು.

ಮಸುಕಾಗುವ ಸಮೀಕರಣ

ಮೇಲಿನ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಪೂರ್ಣ ಎಚ್‌ಡಿ ವಿಡಿಯೊದ ಒಂದು ಫ್ರೇಮಿನಲ್ಲಿ 1920 × 1080 ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್‌ನ ಬಣ್ಣಕ್ಕೆ 3 ಬೈಟ್‌ನಂತೆ ಒಂದು ಫ್ರೇಮಿಗೆ ಸುಮಾರು 6.2 ಮೆಗಾಬೈಟ್. ಅಂದರೆ ಒಂದೇ ಒಂದು ಫ್ರೇಮ್, ನಮ್ಮ ಲೇಖನದಂಥ 100 ಲೇಖನಗಳಿಗೆ ಸಮ. ಸೆಕೆಂಡಿಗೆ 25 ಫ್ರೇಮ್‌ಗಳೆಂದರೆ 155 ಮೆಗಾಬೈಟ್, ಅಥವಾ ಸುಮಾರು 1,240 ಮೆಗಾಬಿಟ್. ಇದನ್ನು 5 ಮೆಗಾಬಿಟ್‌ಗೆ ಇಳಿಸಬೇಕಾದರೆ 250 ಪಟ್ಟು ಕುಗ್ಗಿಸಬೇಕು. ಕುಗ್ಗಿಸುವುದೆಂದರೆ ಏನನ್ನೋ ಎಸೆಯಲೇಬೇಕು. ಏನನ್ನು?

2003ರಲ್ಲಿ ರೂಪುಗೊಂಡ ಎಚ್.264 ಮತ್ತು ಅದರ ನಂತರದ ಕ್ರಮಗಳು ಎರಡು ಉಪಾಯಗಳನ್ನು ಬಳಸುತ್ತವೆ. ಮೊದಲನೆಯದು, ಹಿಂದಿನ ಫ್ರೇಮಿಗಿಂತ ಬದಲಾದ ಭಾಗಗಳನ್ನು ಮಾತ್ರ ದಾಖಲಿಸುವುದು. ಎರಡನೆಯದು, ಚಿತ್ರವನ್ನು ಪುಟ್ಟ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕವನ್ನೂ ಕಡಿಮೆ ಮತ್ತು ಹೆಚ್ಚು ಆವೃತ್ತಿಯ ಘಟಕಗಳಾಗಿ ಒಡೆಯುವುದು. ಇಲ್ಲಿ ಆವೃತ್ತಿ ಎಂದರೆ ಕಾಲದ್ದಲ್ಲ, ಸ್ಥಳದ್ದು: ನಿಧಾನವಾಗಿ ಬದಲಾಗುವ ಛಾಯೆ ಕಡಿಮೆ ಆವೃತ್ತಿ, ಥಟ್ಟನೆ ಬದಲಾಗುವ ತೆಳು ಗೆರೆ ಹೆಚ್ಚು ಆವೃತ್ತಿ. ನಮ್ಮ ಕಣ್ಣು ಸೂಕ್ಷ್ಮ ವಿವರಗಳ ಕೊರತೆಯನ್ನು ಅಷ್ಟಾಗಿ ಗುರುತಿಸದ ಕಾರಣ ಹೆಚ್ಚು ಆವೃತ್ತಿಯ ಘಟಕಗಳು ಮೊದಲು ಕೈಬಿಡಲ್ಪಡುತ್ತವೆ.

ಪರಿಣಾಮವನ್ನು ಊಹಿಸಿ. ಅಧ್ಯಾಪಕನ ಮುಖ, ಅಂಗಿ, ಗೋಡೆ ಎಲ್ಲವೂ ಕಡಿಮೆ ಆವೃತ್ತಿಯವು, ಉಳಿದುಕೊಳ್ಳುತ್ತವೆ. ಹಲಗೆಯ ಮೇಲಿನ ಸೀಮೆಸುಣ್ಣದ ತೆಳು ಗೆರೆ, ಘಾತಾಂಕ, ಕೆಳಬರಹದ ಅಂಕಿ, ಋಣಚಿಹ್ನೆ ಇವೆಲ್ಲ ಹೆಚ್ಚು ಆವೃತ್ತಿಯವು, ಮಸುಕಾಗುತ್ತವೆ. ಜಾಲದ ವೇಗ ಕುಸಿದಷ್ಟೂ ಮಸುಕು ಹೆಚ್ಚು. ಹೀಗೆ, ಭೌತವಿಜ್ಞಾನದ ವಿದ್ಯಾರ್ಥಿಗೆ ಯಾವುದು ಎಲ್ಲಕ್ಕಿಂತ ಅಗತ್ಯವೋ ಅದನ್ನೇ ವಿಡಿಯೊ ಎಲ್ಲಕ್ಕಿಂತ ಮೊದಲು ಬಲಿಕೊಡುತ್ತದೆ. ಪಠ್ಯದಲ್ಲಿ ಈ ಅಪಾಯವಿಲ್ಲ. ನಿಧಾನದ ಜಾಲದಲ್ಲಿ ಅಕ್ಷರ ತಡವಾಗಿ ಬರಬಹುದು, ಆದರೆ ಋಣಚಿಹ್ನೆ ಋಣಚಿಹ್ನೆಯಾಗಿಯೇ ಬರುತ್ತದೆ.

ಕಣ್ಣು ಹಿಂದಿರುಗುವ ಹಾದಿ

ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ನಯವಾಗಿ ಜಾರುವುದಿಲ್ಲ, ಜಿಗಿಯುತ್ತದೆ ಎಂಬುದನ್ನು 1879ರ ಸುಮಾರಿಗೆ ಪ್ಯಾರಿಸಿನಲ್ಲಿ ಎಮಿಲ್ ಜವಾಲ್ ಮತ್ತು ಅವನ ಸಹೋದ್ಯೋಗಿಗಳು ಗಮನಿಸಿದರು. ಕಣ್ಣು ಒಂದೆಡೆ ಸುಮಾರು ಕಾಲು ಸೆಕೆಂಡು ನಿಂತು ಮುಂದಕ್ಕೆ ಹಾರುತ್ತದೆ. ಇಂಗ್ಲಿಷ್ ಓದುಗರನ್ನು ಕುರಿತ ಅಧ್ಯಯನಗಳ ಪ್ರಕಾರ, ನುರಿತ ಓದುಗರಲ್ಲೂ ಶೇ. 10ರಿಂದ 15ರಷ್ಟು ಜಿಗಿತಗಳು ಹಿಂದಕ್ಕೆ ಇರುತ್ತವೆ. ಅರ್ಥವಾಗದ ಪದಕ್ಕೆ, ಮರೆತ ಷರತ್ತಿಗೆ ಕಣ್ಣು ತಾನಾಗಿಯೇ ಮರಳುತ್ತದೆ. ನಮಗದು ತಿಳಿಯುವುದೂ ಇಲ್ಲ.

ವಿಡಿಯೊದಲ್ಲಿ ಈ ಹಿಂದಿರುಗುವಿಕೆ ಕೈಯ ಕೆಲಸ. ನಿಲ್ಲಿಸಬೇಕು, ಹಿಂದಕ್ಕೆ ಎಳೆಯಬೇಕು, ಬೇಕಾದುದಕ್ಕಿಂತ ಹಿಂದೆ ಹೋದರೆ ಕಾಯಬೇಕು. ಇಷ್ಟು ತಾಪತ್ರಯವನ್ನು ಯಾರೂ ಪ್ರತಿ ವಾಕ್ಯಕ್ಕೂ ಪಡುವುದಿಲ್ಲ. ಅರ್ಥವಾಗದ ಭಾಗ ಹಾಗೆಯೇ ದಾಟಿಹೋಗುತ್ತದೆ, ಅರ್ಥವಾಯಿತೆಂಬ ಭಾವನೆ ಮಾತ್ರ ಉಳಿಯುತ್ತದೆ. ಎರಡು ಪಟ್ಟು ವೇಗದಲ್ಲಿ ನೋಡುವ ಸೌಲಭ್ಯವಿದೆಯಲ್ಲ ಎಂದು ಕೇಳಬಹುದು. ಅದು ಗಡಿಯಾರವನ್ನು ಬೇಗ ಓಡಿಸುತ್ತದೆಯೇ ಹೊರತು, ನೋಡುವವನ ಕೈಗೆ ಗಡಿಯಾರವನ್ನು ಕೊಡುವುದಿಲ್ಲ. ಓದುಗನಾದರೋ ಸುಲಭದ ಪ್ಯಾರಾವನ್ನು ಹತ್ತು ಸೆಕೆಂಡಿನಲ್ಲಿ ದಾಟಿ, ಕಷ್ಟದ ಒಂದು ಸಾಲಿನ ಮೇಲೆ ಹತ್ತು ನಿಮಿಷ ಕುಳಿತುಕೊಳ್ಳಬಲ್ಲ.

ಇದಕ್ಕೆ ನೆನಪಿನ ಮಿತಿಯೂ ಸೇರಿಕೊಳ್ಳುತ್ತದೆ. ತತ್‌ಕ್ಷಣದ ನೆನಪಿನಲ್ಲಿ ಏಕಕಾಲಕ್ಕೆ ಸುಮಾರು 7 ಅಂಶಗಳು ಹಿಡಿಯುತ್ತವೆ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದ. ನೆಲ್ಸನ್ ಕವನ್ 2001ರಲ್ಲಿ ಅದನ್ನು ಸುಮಾರು 4ಕ್ಕೆ ಇಳಿಸಿದ. ಆರು ಹೆಜ್ಜೆಗಳ ಒಂದು ಸಾಧನೆಯನ್ನು ತೆಗೆದುಕೊಳ್ಳಿ. ಪುಟದ ಮೇಲೆ ಆರೂ ಹೆಜ್ಜೆಗಳು ಒಟ್ಟಿಗೆ ಕಣ್ಣೆದುರಿಗಿರುತ್ತವೆ. ಕಾಗದವೇ ನಮ್ಮ ಹೆಚ್ಚುವರಿ ನೆನಪಾಗುತ್ತದೆ. ವಿಡಿಯೊದಲ್ಲಿ ಐದನೆಯ ಹೆಜ್ಜೆ ಬರುವ ಹೊತ್ತಿಗೆ ಮೊದಲನೆಯದು ಅಳಿಸಿಹೋಗಿರುತ್ತದೆ. ಅದನ್ನು ನೆನಪಿನಲ್ಲಿ ಹಿಡಿದಿಡುವ ಶ್ರಮ, ಅರ್ಥಮಾಡಿಕೊಳ್ಳಬೇಕಾದ ಶಕ್ತಿಯನ್ನೇ ಕಬಳಿಸುತ್ತದೆ. ಜಾನ್ ಸ್ವೆಲ್ಲರ್ 1988ರಿಂದ ಬೆಳೆಸಿದ ಅರಿವಿನ ಹೊರೆಯ ಸಿದ್ಧಾಂತ ಇಂಥ ಸಂದರ್ಭಗಳನ್ನೇ ವಿವರಿಸುತ್ತದೆ.

ಹುಡುಕಿದರೆ ಸಿಗಬೇಕು

ಪುಸ್ತಕದ ಕೊನೆಯಲ್ಲಿರುವ ಪದಸೂಚಿಯನ್ನು ನೆನಪಿಸಿಕೊಳ್ಳಿ. ಶೋಧಯಂತ್ರಗಳು ಮಾಡುವುದೂ ಅದನ್ನೇ: ಯಾವ ಪದ ಯಾವ ಪುಟದಲ್ಲಿದೆ ಎಂಬ ಬೃಹತ್ ಸೂಚಿಯನ್ನು ಸಿದ್ಧಪಡಿಸಿಟ್ಟುಕೊಳ್ಳುವುದು. ಬರಹದಲ್ಲಿ ಪದಗಳು ಪದಗಳಾಗಿಯೇ ಇರುವುದರಿಂದ ಇದು ಸಾಧ್ಯ. ವಿಡಿಯೊದಲ್ಲಿ ಇರುವುದು ಪಿಕ್ಸೆಲ್‌ಗಳು ಮತ್ತು ಧ್ವನಿಯ ಮಾದರಿಗಳು ಮಾತ್ರ. 'ಸಂವೇಗ ಸಂರಕ್ಷಣೆ' ಎಂಬ ಮಾತು 17ನೆಯ ನಿಮಿಷದಲ್ಲಿ ಬಂದಿದೆ ಎಂಬುದು ಕಡತಕ್ಕೆ ತಿಳಿಯದು.

ಧ್ವನಿಯನ್ನು ಅಕ್ಷರಕ್ಕಿಳಿಸುವ ತಂತ್ರಾಂಶಗಳು ಈಗ ಬಂದಿವೆ, ದಿನೇ ದಿನೇ ಸುಧಾರಿಸುತ್ತಲೂ ಇವೆ. ಆದರೆ ಕರಾವಳಿಯ ಕನ್ನಡ, ನಡುನಡುವೆ ಇಂಗ್ಲಿಷ್, ಜೊತೆಗೆ ಪಾರಿಭಾಷಿಕ ಪದಗಳು ಸೇರಿದಾಗ ಅವು ಎಡವುವುದುಂಟು. ಅವು ಎಡವದ ದಿನ ಬಂದರೂ ನನ್ನ ವಾದ ಬದಲಾಗದು. ವಿಡಿಯೊವನ್ನು ಹುಡುಕಬಲ್ಲದ್ದನ್ನಾಗಿ ಮಾಡಲು ನಾವು ಮಾಡಬೇಕಾದದ್ದು ಅದನ್ನು ಬರಹಕ್ಕೆ ಇಳಿಸುವುದನ್ನೇ ಅಲ್ಲವೇ?

ಬರಹಕ್ಕೆ ಇನ್ನೂ ಒಂದು ಗುಣವಿದೆ. ಅದು ಸುಲಭವಾಗಿ ರೂಪಾಂತರ ಹೊಂದುತ್ತದೆ. ದೃಷ್ಟಿಯಿಲ್ಲದವರಿಗೆ ಪರದೆಯನ್ನು ಓದಿಹೇಳುವ ತಂತ್ರಾಂಶ ಕನ್ನಡ ಪಠ್ಯವನ್ನು ಧ್ವನಿಯಾಗಿಸುತ್ತದೆ. ಅದೇ ಪಠ್ಯ ಬ್ರೈಲ್ ಚುಕ್ಕಿಗಳಾಗಿಯೂ ಮೂಡಬಲ್ಲದು. ಕಿವಿ ಕೇಳದವರು ನೇರವಾಗಿ ಓದುತ್ತಾರೆ. 'ಇದನ್ನು ಇಲ್ಲಿಂದ ಹೀಗೆ ತೆಗೆದುಕೊಂಡರೆ ಅದು ಆಗುತ್ತದೆ' ಎಂದು ಬೆರಳು ತೋರಿಸುತ್ತಾ ಹೇಳುವ ವಿಡಿಯೊ ಈ ಇಬ್ಬರಿಗೂ ಅರ್ಧ ಮುಚ್ಚಿದ ಬಾಗಿಲು.

ತಪ್ಪು ತಿದ್ದುವ ಅವಕಾಶ

ವಿಜ್ಞಾನದ ಬೆನ್ನೆಲುಬು ತಿದ್ದುಪಡಿ. ವಿಕಿಪೀಡಿಯದ ಯಾವುದೇ ಪುಟದಲ್ಲಿ 'ಇತಿಹಾಸ' ಎಂಬಲ್ಲಿ ಒತ್ತಿದರೆ ಯಾವ ಪದವನ್ನು ಯಾವಾಗ ಬದಲಿಸಲಾಯಿತು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಎರಡು ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. 2016ರಲ್ಲಿ ಪೂರ್ಣರೂಪದಲ್ಲಿ ಆರಂಭವಾದ ತುಳು ವಿಕಿಪೀಡಿಯಕ್ಕೂ ಇದೇ ವ್ಯವಸ್ಥೆ.

ವಿಡಿಯೊದಲ್ಲಿ ಇದು ಎಷ್ಟು ಕಷ್ಟವೆಂಬುದಕ್ಕೆ ಯೂಟ್ಯೂಬಿನ ಒಂದು ಪ್ರಸಂಗವೇ ಸಾಕ್ಷಿ. ಅಲ್ಲಿ ಒಮ್ಮೆ ಏರಿಸಿದ ವಿಡಿಯೊದ ವಿಳಾಸವನ್ನು ಉಳಿಸಿಕೊಂಡು ಒಳಗಿನ ಕಡತವನ್ನು ಬದಲಿಸಲು ಬರುವುದಿಲ್ಲ. ಆದ್ದರಿಂದ ಅನೇಕ ಶಿಕ್ಷಕರು ತಪ್ಪಾದ ಜಾಗದಲ್ಲಿ ಚಿತ್ರದ ಮೇಲೆ ತೇಲುವ ಟಿಪ್ಪಣಿಗಳನ್ನು ಅಂಟಿಸಿ ತಿದ್ದುಪಡಿ ಸೂಚಿಸುತ್ತಿದ್ದರು. ಮೊಬೈಲುಗಳಲ್ಲಿ ಆ ಟಿಪ್ಪಣಿಗಳು ಕಾಣುತ್ತಿರಲಿಲ್ಲ. 2017ರ ಮೇ ತಿಂಗಳಲ್ಲಿ ಹೊಸ ಟಿಪ್ಪಣಿ ಸೇರಿಸುವ ಸೌಲಭ್ಯವನ್ನು ನಿಲ್ಲಿಸಲಾಯಿತು. 2019ರ ಜನವರಿಯಲ್ಲಿ ಇದ್ದ ಟಿಪ್ಪಣಿಗಳೆಲ್ಲ ಅಳಿಸಿಹೋದವು. ತಪ್ಪುಗಳು ಉಳಿದವು, ತಿದ್ದುಪಡಿಗಳು ಹೋದವು! 2022ರಲ್ಲಿ ತಿದ್ದುಪಡಿಗಾಗಿಯೇ ಬೇರೊಂದು ಸೌಲಭ್ಯ ಬಂತು, ನಿಜ. ಆದರೆ ಅದೂ ತಪ್ಪಿನ ಪಕ್ಕದಲ್ಲಿ ಒಂದು ಸೂಚನಾಫಲಕ ನೆಡುವ ಕ್ರಮವೇ ಹೊರತು ತಪ್ಪನ್ನು ತೆಗೆಯುವ ಕ್ರಮವಲ್ಲ.

ಗಾತ್ರದ ಆಮಿಷವೂ ಒಂದಿದೆ. ವಿಡಿಯೊದ ನಡುವೆ ಜಾಹೀರಾತು ಸೇರಿಸಲು ಮೊದಲು ಕನಿಷ್ಠ 10 ನಿಮಿಷ ಅವಧಿ ಬೇಕಿತ್ತು. 2020ರ ಜುಲೈಯಲ್ಲಿ ಅದನ್ನು 8 ನಿಮಿಷಕ್ಕೆ ಇಳಿಸಲಾಯಿತು. ಮೂರು ನಿಮಿಷದಲ್ಲಿ ಹೇಳಬಹುದಾದುದನ್ನು ಎಂಟು ನಿಮಿಷಕ್ಕೆ ಹಿಗ್ಗಿಸುವ ಪ್ರೇರಣೆ ಎಲ್ಲಿಂದ ಬರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಮಂಗಳೂರಿನ ಪಾಠ

ಬರಹದ ಬಾಳಿಕೆಯನ್ನು ಕುರಿತು ಮಾತಾಡಲು ಮಂಗಳೂರಿಗಿಂತ ಒಳ್ಳೆಯ ಜಾಗವಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಇಲ್ಲಿ ಹೊರತಂದರು. ಅಚ್ಚುಮೊಳೆಗಳಲ್ಲಿ ಅಲ್ಲ, ಕಲ್ಲಚ್ಚಿನಲ್ಲಿ. ಮರುವರ್ಷವೇ ಅದು ಬಳ್ಳಾರಿಗೆ ಸ್ಥಳಾಂತರಗೊಂಡು ಹೆಸರು ಬದಲಿಸಿಕೊಂಡಿತು. ಪತ್ರಿಕೆ ನಿಂತು ಒಂದೂ ಮುಕ್ಕಾಲು ಶತಮಾನ ಕಳೆದಿದ್ದರೂ ಅದರ ಪುಟಗಳನ್ನು ಇಂದು ಬಿಡಿಸಿ ಓದಬಹುದು. ಅದಕ್ಕೆ ಬೇಕಾದ ಯಂತ್ರ ಒಂದೇ, ಕಣ್ಣು. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಅದನ್ನೂ ನಾವು ಈಗಲೂ ತಿರುವುತ್ತೇವೆ.

ವಿಜ್ಞಾನದ ಉದಾಹರಣೆಯೂ ಇದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ಬೆಂಗಳೂರಿನಿಂದ 'ವಿಜ್ಞಾನ' ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಎರಡೇ ವರ್ಷ ನಡೆಯಿತು. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬುದಕ್ಕೆ ಅಚ್ಚಿನ ಪುರಾವೆಯನ್ನು ಬಿಟ್ಟುಹೋಯಿತು. ನಮ್ಮ ಜಿಲ್ಲೆಯ ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ನೋಡಿ ವಿಜ್ಞಾನದ ಕಡೆಗೆ ಬಂದ ತಲೆಮಾರು ನಮ್ಮದು.

ಜಿ.ಟಿ. ನಾರಾಯಣ ರಾವ್ (1926–2008) ಅವರ ಭಾಷಣಗಳನ್ನು ಕೇಳಿದವರು, ಅವರೊಂದಿಗೆ ರಾತ್ರಿ ನಕ್ಷತ್ರ ವೀಕ್ಷಣೆ ಮಾಡಿದವರು ಇನ್ನೂ ಇದ್ದಾರೆ. ಆ ಮಾತುಗಳು ಕೇಳಿದವರ ನೆನಪಿನೊಂದಿಗೆ ಕರಗುತ್ತವೆ. ಆದರೆ ಅವರು ಬರೆದುದು ಹಾಗಲ್ಲ. ಅವರ ಮಗ ಜಿ.ಎನ್. ಅಶೋಕವರ್ಧನ ಮಂಗಳೂರಿನಲ್ಲಿ ನಡೆಸುತ್ತಿದ್ದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿತು. ಅಂಗಡಿ ಮುಚ್ಚಿದರೂ ಅದೇ ಹೆಸರಿನ ಜಾಲತಾಣದಲ್ಲಿ ಅವರು ತಂದೆಯ ಹಲವು ಕೃತಿಗಳನ್ನು ಉಚಿತ ವಿದ್ಯುನ್ಮಾನ ಪುಸ್ತಕಗಳಾಗಿ ಒದಗಿಸಿದ್ದಾರೆ. ಹೀಗೆ ಬರಹ ಕಾಗದದಿಂದ ಜಾಲಕ್ಕೆ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ.

ಗಣಕದ ಬರಹವೂ ಅಳಿಯುವುದಿಲ್ಲವೇ? ಅಳಿಯುತ್ತದೆ. ಯೂನಿಕೋಡ್‌ಗೆ ಮೊದಲು ಬೇರೆ ಬೇರೆ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಇಂದು ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆದರೆ ಒಂದು ಚಿಹ್ನೆಗೆ ಒಂದು ಅಕ್ಷರ ಎಂಬ ಪಟ್ಟಿ ಇದ್ದರೆ ಪರಿವರ್ತಕ ತಂತ್ರಾಂಶವೊಂದು ಕ್ಷಣದಲ್ಲಿ ಅವುಗಳನ್ನು ಸರಿಪಡಿಸುತ್ತದೆ. ವಿಡಿಯೊಗಳ ಪಾಡು ಇನ್ನೂ ಕಷ್ಟ. ಒಂದು ಕಾಲದಲ್ಲಿ ಜಾಲದ ವಿಡಿಯೊಗಳಿಗೆಲ್ಲ ಆಧಾರವಾಗಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಗೂಗಲ್ ವಿಡಿಯೊ ಎಂಬ ತಾಣ 2012ರಲ್ಲಿ ಮುಚ್ಚಿಹೋಯಿತು. ನೂರು ಲೇಖನಗಳ ಪ್ರತಿಯನ್ನು ಯಾರಾದರೂ ಒಂದು ಪುಟ್ಟ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು, ಕಾಗದದಲ್ಲಿ ಮುದ್ರಿಸಲೂಬಹುದು. ನೂರು ವಿಡಿಯೊಗಳಿಗೆ ಕೆಲವೇ ಸಂಸ್ಥೆಗಳ ಉಗ್ರಾಣವೇ ಗತಿ. ಉಗ್ರಾಣದ ಬೀಗದ ಕೈ ನಮ್ಮಲ್ಲಿಲ್ಲ.

ಬರೆಯುವವನಿಗೆ ಆಗುವ ಲಾಭ

ಇದುವರೆಗೆ ಓದುಗನ ಕಡೆಯಿಂದ ನೋಡಿದೆವು. ಬರೆಯುವವನ ಕಡೆಯಿಂದಲೂ ನೋಡಬೇಕು. ಮಾತಿನಲ್ಲಿ ಕೈ, ಮುಖ, ದನಿಯ ಏರಿಳಿತ ಎಲ್ಲವೂ ನೆರವಿಗೆ ಬರುತ್ತವೆ. ತರ್ಕದಲ್ಲಿ ಒಂದು ಹೆಜ್ಜೆ ತಪ್ಪಿದರೂ ಆತ್ಮವಿಶ್ವಾಸದ ದನಿ ಅದನ್ನು ಮುಚ್ಚಿಬಿಡುತ್ತದೆ. ಬರಹದಲ್ಲಿ ಈ ಆಸರೆಗಳಿಲ್ಲ. 'ಆದ್ದರಿಂದ' ಎಂದು ಬರೆದಾಗ ಅದರ ಹಿಂದಿನ ವಾಕ್ಯ ನಮ್ಮನ್ನು ದಿಟ್ಟಿಸಿ ನೋಡುತ್ತದೆ. ನನ್ನ ಜೋಡಿ ಸೀಳಿನ ಪಾಠವನ್ನು ಬರೆದಿದ್ದರೆ, ಸೂತ್ರದ ಕೆಳಗೇ ಆ ತಪ್ಪು ವಾಕ್ಯ ಕುಳಿತಿರುತ್ತಿತ್ತು. ಎರಡನೆಯ ಓದಿನಲ್ಲಿ ನನ್ನ ಕಣ್ಣಿಗೆ ಬೀಳುತ್ತಿತ್ತು.

ಭಾಷೆಗೂ ಲಾಭವಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ 'ಜವ' ಮತ್ತು 'ವೇಗ' ಬೇರೆ ಬೇರೆ. ಮೊದಲನೆಯದಕ್ಕೆ ದಿಕ್ಕಿಲ್ಲ, ಎರಡನೆಯದಕ್ಕೆ ಇದೆ. ಮಾತಿನಲ್ಲಿ ಎರಡೂ 'ಸ್ಪೀಡು' ಆಗಿಬಿಡುತ್ತವೆ. ಬರೆಯಲು ಕುಳಿತವನು ಆಯ್ಕೆ ಮಾಡಲೇಬೇಕು. ಕನ್ನಡದ ಪಾರಿಭಾಷಿಕ ಪದಗಳು ಗಟ್ಟಿಯಾದದ್ದು ಹೀಗೆ, ಸಾವಿರಾರು ಬರಹಗಾರರ ಇಂಥ ಸಣ್ಣ ಸಣ್ಣ ಆಯ್ಕೆಗಳಿಂದ. ವಿಜ್ಞಾನದ ವಿವರಣೆಯೆಲ್ಲ ವಿಡಿಯೊಗೆ ಸರಿದುಹೋದರೆ ಈ ಕೆಲಸ ನಿಲ್ಲುತ್ತದೆ. ಮುಂದಿನ ತಲೆಮಾರಿನ ಕೈಗೆ ಸಿಗುವುದು ಹುಡುಕಲಾಗದ, ಉಲ್ಲೇಖಿಸಲಾಗದ, ತಿದ್ದಲಾಗದ ಮಾತಿನ ರಾಶಿ. ನಿಜವಾದ ನಷ್ಟ ಇದು.

ವಿಡಿಯೊ ಎಲ್ಲಿ ಬೇಕು?

ಇಷ್ಟು ಹೇಳಿದ ಮೇಲೆ ವಿಡಿಯೊಗೆ ಸಲ್ಲಬೇಕಾದದ್ದನ್ನು ಸಲ್ಲಿಸದಿದ್ದರೆ ಅನ್ಯಾಯವಾದೀತು. 1971ರ ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಕೈಬಿಟ್ಟ. ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಈ ದೃಶ್ಯಕ್ಕೆ ಯಾವ ಬರಹವೂ ಸಾಟಿಯಲ್ಲ. ತರಂಗತೊಟ್ಟಿಯಲ್ಲಿ ಅಲೆಗಳು ಒಂದನ್ನೊಂದು ಹಾಯುವುದು, ಜೋಡಿ ಲೋಲಕದ ಅಂಕೆಯಿಲ್ಲದ ಓಲಾಟ, ಉಪಕರಣವನ್ನು ಜೋಡಿಸುವ ಕೈಚಳಕ, ಇವೆಲ್ಲ ವಿಡಿಯೊದ ಕ್ಷೇತ್ರ. ಪಿಲಿಕುಳದಲ್ಲಿ 2018ರಲ್ಲಿ ತೆರೆದ ತಾರಾಲಯದ ಗುಮ್ಮಟದಡಿ ಕುಳಿತು ಖಗೋಳ ತಿರುಗುವುದನ್ನು ನೋಡಿದ ಮಗುವಿಗೆ ಆ ಅನುಭವವನ್ನು ಪುಸ್ತಕ ಕೊಡಲಾರದು.

ಆದರೆ ಸ್ಕಾಟ್‌ನ ಸುತ್ತಿಗೆಯ ವಿಡಿಯೊದಿಂದ ವಿಜ್ಞಾನ ಹೊರಬರಬೇಕಾದರೆ ನಾವು ಪೆನ್ಸಿಲ್ ಹಿಡಿಯಬೇಕು. ಬಿದ್ದ ಎತ್ತರ ಸುಮಾರು 1.6 ಮೀಟರ್, ಚಂದ್ರನ ಗುರುತ್ವ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 1.62 ಮೀಟರ್. ಎತ್ತರದ ಎರಡರಷ್ಟನ್ನು ವೇಗೋತ್ಕರ್ಷದಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 1.4 ಸೆಕೆಂಡು. ಭೂಮಿಯ ಮೇಲಾದರೆ 0.57 ಸೆಕೆಂಡು. ವಿಡಿಯೊದ ಫ್ರೇಮ್‌ಗಳನ್ನು ಎಣಿಸಿ ಇದನ್ನು ತಾಳೆ ನೋಡಬಹುದು. ಇಲ್ಲಿ ವಿಡಿಯೊ ಪ್ರಯೋಗದ ದಾಖಲೆ, ಬರಹ ಅದರ ತಿಳಿವು. ಒಂದಕ್ಕೊಂದು ಪೂರಕ.

ತರಗತಿಗೆ ಒಂದು ಪ್ರಯೋಗ

ನನ್ನ ಮಾತನ್ನು ಶಿಕ್ಷಕರು ಹಾಗೆಯೇ ಒಪ್ಪಬೇಕಾಗಿಲ್ಲ, ತರಗತಿಯಲ್ಲೇ ಪರೀಕ್ಷಿಸಬಹುದು. ಯಾವುದಾದರೂ ಒಂದು ವಿಷಯವನ್ನು, ಉದಾಹರಣೆಗೆ ಮಸೂರದ ಸೂತ್ರವನ್ನು, ಎರಡು ಪುಟ ಬರೆಯಿರಿ. ಅದನ್ನೇ ಓದಿ ಹೇಳಿ ವಿಡಿಯೊ ಮಾಡಿ. ಎರಡರಲ್ಲೂ ಒಂದೇ ಜಾಗದಲ್ಲಿ ಬೇಕೆಂದೇ ಒಂದು ತಪ್ಪು ಸೇರಿಸಿ. ತರಗತಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಪುಟ, ಇನ್ನೊಂದಕ್ಕೆ ವಿಡಿಯೊ ಕೊಡಿ. ಮೂರು ಸಂಗತಿಗಳನ್ನು ಅಳೆಯಿರಿ: ಪೂರೈಸಲು ಹಿಡಿದ ಸಮಯ, ನೀವು ಹೇಳಿದ ಒಂದು ವಾಕ್ಯವನ್ನು ಹುಡುಕಲು ಹಿಡಿದ ಸಮಯ, ತಪ್ಪನ್ನು ಪತ್ತೆಹಚ್ಚಿದವರ ಸಂಖ್ಯೆ. ಇನ್ನೊಂದು ವಿಷಯ ಆಯ್ದುಕೊಂಡು ಗುಂಪುಗಳನ್ನು ಅದಲುಬದಲು ಮಾಡಿ ಮತ್ತೆ ಅಳೆಯಿರಿ. ಕೊನೆಯಲ್ಲಿ ಸೇರಿಸಿದ ತಪ್ಪನ್ನು ತಿಳಿಸಿ ತಿದ್ದಿಸುವುದನ್ನು ಮಾತ್ರ ಮರೆಯಬೇಡಿ.

ವಿಡಿಯೊ ಮಾಡುವ ವಿದ್ಯಾರ್ಥಿಗಳಿಗೂ ಒಂದು ಮಾತು. ಮಾಡಿ, ಖಂಡಿತ ಮಾಡಿ. ಆದರೆ ಕ್ಯಾಮೆರಾ ಚಾಲೂ ಮಾಡುವ ಮೊದಲು ಹೇಳಬೇಕಾದುದನ್ನು ಪೂರ್ತಿ ಬರೆಯಿರಿ. ವಿಡಿಯೊ ಏರಿಸಿದ ದಿನವೇ ಆ ಬರಹವನ್ನೂ ಪ್ರಕಟಿಸಿ, ದಿನಾಂಕ ಹಾಕಿ, ತಪ್ಪು ಕಂಡಾಗ ತಿದ್ದಿ, ಏನನ್ನು ತಿದ್ದಿದಿರೆಂದು ಕೆಳಗೆ ಬರೆಯಿರಿ. ನಾನೂ ಈಗ ಹಾಗೆಯೇ ಮಾಡುತ್ತೇನೆ. ಜೋಡಿ ಸೀಳಿನ ಪಾಠಕ್ಕೆ ನಾಲ್ಕು ಪುಟದ ಬರಹರೂಪ ಸಿದ್ಧವಾಗಿದೆ. ಅದರ ಮೊದಲ ಸಾಲೇ ತಿದ್ದುಪಡಿ: ಸೀಳುಗಳ ಅಂತರ ಹೆಚ್ಚಿದಂತೆ ಪಟ್ಟಿಗಳ ಅಗಲ ಕಡಿಮೆಯಾಗುತ್ತದೆ.